ಕಾಲ್‌ಸೈಟೋ ಆಬ್ಜೆಕ್ಟೋ: ನಿಖರತೆ ಅಳೆಯುವ ಬಗೆ

ಪ್ರೋಗ್ರಾಮನ್ನು ಓಡಿಸದೆಯೇ, ಪ್ರತಿ ವೇರಿಯಬಲ್ ಯಾವ ಯಾವ ಆಬ್ಜೆಕ್ಟ್‌ಗಳನ್ನು ಸೂಚಿಸಬಹುದು ಎಂದು ಲೆಕ್ಕ ಹಾಕುವುದು ಪಾಯಿಂಟ್ಸ್-ಟು ಅನಾಲಿಸಿಸ್. ಒಂದೇ ಮೆಥಡ್‌ನ ಬೇರೆ ಬೇರೆ ಕರೆಗಳನ್ನು ಅದು ಕಾಂಟೆಕ್ಸ್ಟ್ ಎಂಬ ಗುರುತಿನಿಂದ ಬೇರ್ಪಡಿಸುತ್ತದೆ: 1-ಕಾಲ್‌ಸೈಟ್‌ನಲ್ಲಿ ಆ ಗುರುತು ಕರೆ ಬಂದ ಸಾಲು, 1-ಆಬ್ಜೆಕ್ಟ್‌ನಲ್ಲಿ ಯಾವ ಆಬ್ಜೆಕ್ಟಿನ ಮೇಲೆ ಕರೆದರೋ ಅದು. ಹಾಗಾದರೆ 1-ಕಾಲ್‌ಸೈಟ್ ಹೆಚ್ಚು ನಿಖರವೋ, 1-ಆಬ್ಜೆಕ್ಟೋ? ಸಿದ್ಧಾಂತದ ಮಟ್ಟದಲ್ಲಿ ಇದಕ್ಕೆ ಉತ್ತರವಿಲ್ಲ. ಒಂದು ಬೇರ್ಪಡಿಸಿದ್ದನ್ನು ಇನ್ನೊಂದು ಬೆರೆಸಿಬಿಡುತ್ತದೆ.

ಬಾಕ್ಸ್ ಎಂಬ ಜಾವಾ ಕ್ಲಾಸಿನಲ್ಲಿ ಸೆಟ್ ಮೆಥಡ್ ತನ್ನದೇ ಪುಟ್ ಮೆಥಡನ್ನು ಕರೆಯುತ್ತದೆ, ಫೀಲ್ಡಿಗೆ ಬರೆಯುವುದು ಪುಟ್ ಎಂದಿಟ್ಟುಕೊಳ್ಳಿ. ಬೇರೆ ಬೇರೆ ಸಾಲುಗಳಲ್ಲಿ ಸೃಷ್ಟಿಸಿದ ಎರಡು ಬಾಕ್ಸ್‌ಗಳಲ್ಲಿ ಬೇರೆ ಬೇರೆ ವಸ್ತು ಇಡಿ. 1-ಕಾಲ್‌ಸೈಟ್‌ಗೆ ಸೆಟ್ ಎರಡಾಗಿ ಕಾಣುತ್ತದೆ, ಆದರೆ ಪುಟ್ ಅನ್ನು ಕರೆಯುವ ಸಾಲು ಒಂದೇ. ಅಲ್ಲಿ ಎಲ್ಲವೂ ಕಲೆತು, ಎರಡೂ ಬಾಕ್ಸ್‌ಗಳಲ್ಲಿ ಎರಡೂ ವಸ್ತು ಇರಬಹುದು ಎಂಬ ಫಲಿತಾಂಶ ಬರುತ್ತದೆ. 1-ಆಬ್ಜೆಕ್ಟ್‌ನಲ್ಲಿ ಕಾಂಟೆಕ್ಸ್ಟ್ ಎಂದರೆ ರಿಸೀವರ್‌ನ (ಕರೆ ಯಾವ ಆಬ್ಜೆಕ್ಟಿನ ಮೇಲೋ ಅದರ) ಅಲೊಕೇಶನ್ ಸೈಟ್, ಅಂದರೆ ಅದನ್ನು ಸೃಷ್ಟಿಸಿದ ಸಾಲು. ಒಳಗಿನ ಕರೆಯಲ್ಲೂ ರಿಸೀವರ್ ಅದೇ ಆದ್ದರಿಂದ ಇವು ಬೆರೆಯುವುದಿಲ್ಲ.

ಈಗ ಬಂದದ್ದನ್ನೇ ಮರಳಿಸುವ ಸ್ಟ್ಯಾಟಿಕ್ ಮೆಥಡನ್ನು ಮೇನ್‌ನ ಎರಡು ಬೇರೆ ಸಾಲುಗಳಿಂದ, ಬೇರೆ ಬೇರೆ ವಸ್ತು ಕೊಟ್ಟು ಕರೆಯಿರಿ. ಇಲ್ಲಿ ರಿಸೀವರೇ ಇಲ್ಲ, ಕರೆ ಮಾಡಿದ ಮೇನ್‌ನ ಕಾಂಟೆಕ್ಸ್ಟೇ ಹಾಗೇ ಮುಂದುವರಿಯುತ್ತದೆ. 1-ಆಬ್ಜೆಕ್ಟ್ ಬೆರೆಸುತ್ತದೆ, 1-ಕಾಲ್‌ಸೈಟ್ ಬಿಡಿಸುತ್ತದೆ. ಸ್ಟ್ಯಾಟಿಕ್ ಕರೆಗಳಿಗೆ ಮಾತ್ರ ಕಾಲ್‌ಸೈಟ್ ಸೇರಿಸುವ ಮಿಶ್ರ ವಿಧಾನವನ್ನು ಸಂಶೋಧಕರಾದ ಕಸ್ಟ್ರಿನಿಸ್ ಮತ್ತು ಸ್ಮರಗ್ಡಾಕಿಸ್ 2013ರಲ್ಲಿ ಮುಂದಿಟ್ಟದ್ದು ಈ ಕೊರತೆ ನೀಗಲೆಂದೇ.

ಹೀಪ್ ಕಾಂಟೆಕ್ಸ್ಟ್, ಅಂದರೆ ಸೃಷ್ಟಿಯಾದ ಆಬ್ಜೆಕ್ಟ್‌ಗಳಿಗೂ ಅಂಟಿಸುವ ಕಾಂಟೆಕ್ಸ್ಟ್, ಮರೆತರೆ ಮೇಲಿನದ್ದೆಲ್ಲ ವ್ಯರ್ಥ. ಜಾವಾದ ಅರೇಲಿಸ್ಟ್‌ನ ಒಳಗಿನ ಅರೇ ಹುಟ್ಟುವುದು ಲೈಬ್ರರಿಯ ಬೆರಳೆಣಿಕೆಯ ಸಾಲುಗಳಲ್ಲಿ. ಆ ಅರೇಗೆ ಕಾಂಟೆಕ್ಸ್ಟ್ ಅಂಟಿಸದಿದ್ದರೆ ಪ್ರೋಗ್ರಾಮಿನ ಲಿಸ್ಟ್‌ಗಳೆಲ್ಲ ಒಂದೇ ಅರೇ ಹಂಚಿಕೊಂಡಂತೆ ಕಾಣುತ್ತವೆ. ಅಲೊಕೇಶನ್ ಸೈಟ್ ಬದಲು ಒಂದು ಕ್ಲಾಸನ್ನೇ ಕಾಂಟೆಕ್ಸ್ಟ್ ಮಾಡುವ ಟೈಪ್ ಸೆನ್ಸಿಟಿವಿಟಿಯಲ್ಲೂ ಎಡವುವವರುಂಟು: ಅಲ್ಲಿ ಕಾಂಟೆಕ್ಸ್ಟ್ ಆಗುವುದು ಆಬ್ಜೆಕ್ಟಿನ ಕ್ಲಾಸ್ ಅಲ್ಲ, ಆ ಅಲೊಕೇಶನ್ ಸೈಟ್ ಯಾವ ಕ್ಲಾಸಿನಲ್ಲಿದೆಯೋ ಆ ಕ್ಲಾಸ್.

ಅಳೆಯುವಾಗ ಮೊದಲು ಫಲಿತಾಂಶದಿಂದ ಕಾಂಟೆಕ್ಸ್ಟ್ ಕಿತ್ತುಹಾಕಿ, ಪ್ರತಿ ವೇರಿಯಬಲ್‌ಗೆ ಪಾಯಿಂಟ್ಸ್-ಟು ಸೆಟ್‌ಗಳನ್ನು (ಅದು ಸೂಚಿಸಬಹುದಾದ ಆಬ್ಜೆಕ್ಟ್‌ಗಳ ಗುಂಪುಗಳನ್ನು) ಒಟ್ಟುಗೂಡಿಸಿ. ಹೀಪ್ ಕಾಂಟೆಕ್ಸ್ಟ್ ಕೂಡ ಹೋಗಬೇಕು. ಇಲ್ಲವಾದರೆ ಕಾಂಟೆಕ್ಸ್ಟ್ ಹೆಚ್ಚಿದ್ದಷ್ಟೂ ಫಲಿತಾಂಶದ ಸಾಲುಗಳು ಹೆಚ್ಚಿ ಸರಾಸರಿಗೆ ಅರ್ಥವಿರದು. ರಿಫ್ಲೆಕ್ಷನ್ (ಓಡುವಾಗ ಹೆಸರಿನಿಂದ ಕ್ಲಾಸ್, ಮೆಥಡ್ ಹುಡುಕಿ ಬಳಸುವುದು), ನೇಟಿವ್ ಮೆಥಡ್ (ಜಾವಾದಲ್ಲಿ ಬರೆಯದ ಮೆಥಡ್) ಇವನ್ನು ನಿಭಾಯಿಸುವ ರೀತಿ, ಜಾವಾದ ಜೆಡಿಕೆ ಆವೃತ್ತಿ ಎಲ್ಲ ಕಡೆ ಒಂದೇ ಇರಲಿ: ರಿಫ್ಲೆಕ್ಷನ್ ಕೈಬಿಟ್ಟ ಅನಾಲಿಸಿಸ್‌ಗೆ ಕಾಣುವ ಮೆಥಡ್‌ಗಳೇ ಕಡಿಮೆ, ಅದರ ಅಂಕಿ ಚಂದವಾಗಿರುವುದರಲ್ಲಿ ಆಶ್ಚರ್ಯವೇನು! ಟೈಮ್‌ಔಟ್ ಆದ ಪ್ರೋಗ್ರಾಮನ್ನು ಸರಾಸರಿಯಿಂದ ಸದ್ದಿಲ್ಲದೆ ಬಿಡುವುದೂ ಇದೇ ಜಾತಿಯ ಮೋಸ.

ನನ್ನ ಮಟ್ಟಿಗೆ ನಂಬಬಹುದಾದ ಅಳತೆಗಳು ಎರಡು: ವಿಫಲವಾಗಬಹುದಾದ ಕಾಸ್ಟ್‌ಗಳು (ಆಬ್ಜೆಕ್ಟನ್ನು ಬೇರೆ ಟೈಪ್ ಎಂದು ಬಳಸುವ ಜಾಗಗಳು), ಒಂದಕ್ಕಿಂತ ಹೆಚ್ಚು ಗುರಿಯಿರುವ ವರ್ಚುವಲ್ ಕರೆಗಳು (ಯಾವ ಮೆಥಡ್ ಎಂಬುದು ರಿಸೀವರ್‌ನಿಂದ ನಿರ್ಧಾರವಾಗುವ ಕರೆಗಳು). ಬರೀ ಎಣಿಕೆ ಸಾಲದು. ಎರಡು ಅನಾಲಿಸಿಸ್‌ಗಳ ಪಟ್ಟಿ ತೆಗೆದು, ಇದರಲ್ಲಿದ್ದು ಅದರಲ್ಲಿಲ್ಲದವನ್ನು, ಅದರಲ್ಲಿದ್ದು ಇದರಲ್ಲಿಲ್ಲದವನ್ನು ಬೇರೆ ಮಾಡಿ. ಎರಡೂ ಕಡೆ ಏನಾದರೂ ಉಳಿದರೆ ಪ್ರತಿಯೊಂದು ಕಾಸ್ಟ್‌ನ ಜಾಡು ಹಿಡಿದು, ಸ್ಟ್ಯಾಟಿಕ್ ಕರೆಯಲ್ಲಿ ಬೆರೆಯಿತೋ ಒಳಗಿನ ಕರೆಯಲ್ಲೋ ಎಂದು ನೋಡಿ.