ಅಜ್ಜ ಓದದ ಪುಸ್ತಕಗಳು

ಮಾರ್ಚ್ ತಿಂಗಳ ಮೊದಲ ಗುರುವಾರ ಮಗಳ ಶಾಲೆಯಲ್ಲಿ ಪುಸ್ತಕ ದಿನ. ಇಂಗ್ಲೆಂಡಿನಲ್ಲಿ ಸಣ್ಣ ಮಕ್ಕಳಿರುವ ಮನೆಯವರಿಗೆಲ್ಲ ಈ ದಿನದ ಭಯ ಗೊತ್ತು. ಕಥೆಯ ಪಾತ್ರದ ವೇಷ ಹಾಕಿಸಿ ಕಳಿಸಬೇಕು, ಅದು ನಮಗೆ ನೆನಪಾಗುವುದು ಬುಧವಾರ ರಾತ್ರಿ ಹತ್ತಕ್ಕೆ. ಏನೋ ರಟ್ಟು ಕತ್ತರಿಸಿ ಒಂದು ಬಾಲ ಅಂಟಿಸಿದೆ, ಬಸ್ ಸ್ಟಾಪಿನಲ್ಲೇ ಉದುರಿತು. ಇರಲಿ. ಶಾಲೆಯಲ್ಲಿ ಒಂದು ಪೌಂಡಿನ ಟೋಕನ್ ಕೊಟ್ಟು ಕಳಿಸುತ್ತಾರೆ, ಅದನ್ನು ಅಂಗಡಿಗೆ ಒಯ್ದರೆ ಪುಟ್ಟ ಪುಸ್ತಕವೊಂದು ಪುಕ್ಕಟೆ. ಶನಿವಾರ ಪುಸ್ತಕ ತಂದು ನಮ್ಮ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ ಮಗಳನ್ನು ಪಕ್ಕದ ಮನೆಯಾಕೆ ನೋಡಿದರು. ಎಂಬತ್ತಮೂರು ವರ್ಷ, ಒಬ್ಬರೇ ಇರುತ್ತಾರೆ. ಬೇಲಿಯ ಆಚೆಯಿಂದಲೇ ಕೇಳಿದರು, "ಹೆಸರು ಬರೆದೆಯಾ? ಬರೆಯದಿದ್ದರೆ ಅದು ಇನ್ನೂ ಅಂಗಡಿಯವರದ್ದೇ."

ಅವರೇ ಒಳಗೆ ಹೋಗಿ ಶಾಯಿ ಪೆನ್ನು ತಂದುಕೊಟ್ಟರು. ಮಗಳು ಮೊದಲ ಪುಟದಲ್ಲಿ ಹೆಸರು, ಮನೆ ನಂಬರ್, ಬೀದಿ, ಲೀಡ್ಸ್, ಇಂಗ್ಲೆಂಡ್, ಭೂಮಿ ಎಂದೆಲ್ಲ ಬರೆದಳು. ಅಲ್ಲಿಗೆ ಮುಗಿಯಲಿಲ್ಲ. ಮನೆಯಲ್ಲಿರುವ ಯಾವ ಪುಸ್ತಕ ಯಾರದ್ದು ಅಂತ ತಪಾಸಣೆ ಶುರುವಾಯಿತು. ನನ್ನ ಇಂಗ್ಲಿಷ್ ಪುಸ್ತಕಗಳೆಲ್ಲ ಚಾರಿಟಿ ಅಂಗಡಿಯಲ್ಲಿ ಒಂದು ಎರಡು ಪೌಂಡಿಗೆ ತಂದವು, ಅವುಗಳಲ್ಲಿ ಯಾರ್ಯಾರದ್ದೋ ಹೆಸರು. ಆಮೇಲೆ ಕನ್ನಡದ ಗೂಡಿಗೆ ಬಂದಳು.

ಆ ಗೂಡಿನಲ್ಲಿ ಹದಿನಾಲ್ಕು ಹಳೆಯ ಪುಸ್ತಕಗಳಿವೆ. ಶಿರಸಿ ಹತ್ತಿರದ ನಮ್ಮ ಹಳೇ ಮನೆ ಹಿಸೆಯಾದಾಗ ಪಾತ್ರೆ ಎಲ್ಲರಿಗೂ ಬೇಕಿತ್ತು, ಪುಸ್ತಕ ಯಾರಿಗೂ ಬೇಡವಾಗಿತ್ತು, ಅಟ್ಟದಿಂದ ಇಳಿಸಿ ಗೆದ್ದಲು ಹಿಡಿಯದ್ದನ್ನು ಆರಿಸಿಕೊಂಡೆ, ಆ ಸಲ ವಿಮಾನದ ಇಪ್ಪತ್ತಮೂರು ಕೇಜಿಯಲ್ಲಿ ಹಪ್ಪಳಕ್ಕೆ ಜಾಗ ಇರಲಿಲ್ಲ. ಭಾನುವಾರದ ಆನ್‌ಲೈನ್ ಕನ್ನಡ ಪಾಠದ ದೆಸೆಯಿಂದ ಮಗಳಿಗೆ ಅಕ್ಷರ ಬರುತ್ತದೆ, ಆದರೆ ಒಂದೊಂದೇ. ಮೊದಲ ಪುಸ್ತಕ ತೆಗೆದು ಹೆಸರು ಓದಿದಳು, ನನ್ನ ಅಜ್ಜನದ್ದು. ಎರಡನೆಯದೂ ಅದೇ. ಹದಿನಾಲ್ಕರಲ್ಲಿ ಹನ್ನೊಂದರ ಮೇಲೆ ಅಜ್ಜನ ಹೆಸರು, ಅವರ ಅಪ್ಪನ ಹೆಸರು, ಕೊನೆಗೆ ಹೆಗಡೆ, ಕೆಳಗೆ ತಾರೀಕು. ಮಗಳಿಗೆ ಭಾರೀ ಹೆಮ್ಮೆ ಆಯಿತು. "ಅಮ್ಮಾ, ನಿನ್ನ ಅಜ್ಜ ಎಷ್ಟೊಂದು ಓದ್ತಿದ್ರು ಅಲ್ವಾ!"

ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಓದುತ್ತಿದ್ದದ್ದು ಪಂಚಾಂಗ, ಮತ್ತೆ ಪೇಪರಿನಲ್ಲಿ ಅಡಿಕೆ ಧಾರಣೆ. ಕಾದಂಬರಿ ಎಂದರೆ ಅವರ ಪ್ರಕಾರ ಸುಳ್ಳು ಸಮಾಚಾರ. ಇವೆಲ್ಲ ಅಜ್ಜಿಯ ಪುಸ್ತಕಗಳು. ಹಾಗೆಂದು ಹೇಳಿದೆ. ಅವಳು ಮತ್ತೆ ಮೊದಲ ಪುಟ ನೋಡಿದಳು, ನನ್ನ ಮುಖ ನೋಡಿದಳು. "ಅಜ್ಜಿಗೆ ಬರೆಯೋಕೆ ಬರ್ತಿರ್ಲಿಲ್ವಾ?"

ಬರುತ್ತಿತ್ತು. ಚೆನ್ನಾಗಿ ಬರುತ್ತಿತ್ತು. ಅದೇ ಪುಸ್ತಕಗಳ ಹಿಂದಿನ ರಟ್ಟಿನ ಒಳಗಡೆ ಅವಳ ಅಕ್ಷರ ಇದೆ, ಪೆನ್ಸಿಲ್‌ನದ್ದು, ಸಣ್ಣದು, ಸಾಲು ಸ್ವಲ್ಪ ಮೇಲಕ್ಕೆ ಏರಿಕೊಂಡು ಹೋಗುತ್ತದೆ. ಒಂದರಲ್ಲಿ ಹೀಗಿದೆ: ಹಪ್ಪಳ 300. ಉಪ್ಪಾಗೆ 2 ಸೇರು. ತುಪ್ಪ ಶಾನಭೋಗರ ಮನೆಗೆ, ಬಾಕಿ. ಅದರ ಕೆಳಗೆ ಗೆರೆ ಎಳೆದು, ವಿ.ಪಿ. 4-50.

ಈ ವಿ.ಪಿ. ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಾರ್ಡು ಬರೆದು ಹಾಕಿದರೆ ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ಅಂಚೆಯವನ ಕೈಗೆ ದುಡ್ಡು ಕೊಟ್ಟು ಕಟ್ಟು ಬಿಡಿಸಿಕೊಳ್ಳಬೇಕು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು, ಚಂದಾ ಕಟ್ಟಿದವರಿಗೆ ಪುಸ್ತಕ ಕಳಿಸುವ ಪದ್ಧತಿ ಇಟ್ಟುಕೊಂಡಿತ್ತು. ನಮ್ಮ ಮನೆಗೂ ಕೆಲವು ವರ್ಷ ಅವರ ಪುಸ್ತಕ ಬಂದಿದೆ. ದುಡ್ಡು ಅಜ್ಜಿಯದ್ದು. ಅಡಿಕೆ ದುಡ್ಡನ್ನು ಅವಳು ಯಾವತ್ತೂ ಮುಟ್ಟಲಿಲ್ಲ, ಅದು ಸೊಸೈಟಿಯಲ್ಲಿ ಅಜ್ಜನ ಖಾತೆಗೆ ಹೋಗುತ್ತಿತ್ತು. ಮೇ ತಿಂಗಳಲ್ಲಿ ಹಲಸಿನ ಹಪ್ಪಳ, ಮಳೆ ಹಿಡಿದ ಮೇಲೆ ಬೆಟ್ಟದಿಂದ ಹೆಕ್ಕಿ ತಂದು ಒಲೆಯ ಮೇಲೆ ಒಣಗಿಸಿದ ಹುಳಿ ಹಣ್ಣು ಉಪ್ಪಾಗೆ, ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಇವು ಹೆಂಗಸರ ದುಡ್ಡು. ಯಾರೂ ಲೆಕ್ಕ ಕೇಳದ ದುಡ್ಡು. ಅದರಲ್ಲಿ ಅವಳು ಪುಸ್ತಕ ತರಿಸಿದಳು. ಆದರೆ ಅಂಚೆ ಬರುವುದು ಮನೆ ಯಜಮಾನನ ಹೆಸರಿಗೆ ಅಲ್ವಾ. ಅಜ್ಜ ಸಹಿ ಮಾಡಿ ಕಟ್ಟು ಬಿಡಿಸುತ್ತಿದ್ದರು, ಮೊದಲ ಪುಟದಲ್ಲಿ ನಿಧಾನಕ್ಕೆ ತಮ್ಮ ಹೆಸರು ಬರೆಯುತ್ತಿದ್ದರು, ಶಾಯಿ ಒಣಗಲಿ ಅಂತ ಊದಿ ಆಮೇಲೆ ಅಜ್ಜಿಗೆ ಕೊಡುತ್ತಿದ್ದರು. ಅವರೇನೂ ಕೆಟ್ಟವರಲ್ಲ. ಮನೆಯ ತಾಮ್ರದ ಕೊಡಪಾನಕ್ಕೂ ಅವರದ್ದೇ ಹೆಸರು ಕೆತ್ತಿಸಿದ್ದರು. ಜೀವಮಾನದಲ್ಲಿ ಅವರು ಒಂದು ಕೊಡ ನೀರು ಹೊತ್ತವರಲ್ಲ.

ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನು ಇದರ ಬಗ್ಗೆ ಕೇಳಿದ್ದೆ. "ಹೆಸರು ಯಾರದ್ದಾದ್ರೆ ಎಂತಾ ಆತು ಕೂಸೆ, ಓದಿದ್ದು ಆನೇ ಅಲ್ದಾ" ಅಂದಿದ್ದಳು, ಓದಿದವಳು ನಾನೇ ತಾನೆ ಅಂತ. ಆಗ ಆ ಉತ್ತರ ನನಗೆ ತುಂಬಾ ಹಿಡಿಸಿತ್ತು. ಈಗ ಅಷ್ಟು ಹಿಡಿಸುವುದಿಲ್ಲ.

ಅವಳು ಓದುವ ಹೊತ್ತು ಯಾವುದು ಅಂತ ಪುಸ್ತಕದ ವಾಸನೆಯೇ ಹೇಳುತ್ತದೆ. ಮಧ್ಯಾಹ್ನ ಗಂಡಸರು ಊಟ ಮಾಡಿ ಮಲಗಿದ ಮೇಲೆ, ಸಂಜೆ ಹಾಲು ಕರೆಯುವ ಮೊದಲು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ. ಇಷ್ಟು ವರ್ಷ ಆದರೂ, ಲೀಡ್ಸಿನ ಹೀಟರ್ ಪಕ್ಕ ಇಟ್ಟರೂ, ಪುಟ ಬಿಡಿಸಿದರೆ ಹೊಗೆ ವಾಸನೆ ಬರುತ್ತದೆ. ಚಳಿಗಾಲದಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವಳು ಗಟ್ಟಿಯಾಗಿ ಓದುತ್ತಿದ್ದಳಂತೆ, ಸುತ್ತ ಹತ್ತು ಹನ್ನೆರಡು ಹೆಂಗಸರು ಸುಲಿಯುತ್ತಾ ಕೇಳುತ್ತಿದ್ದರಂತೆ. ಅವರಲ್ಲಿ ಅರ್ಧ ಜನಕ್ಕೆ ಓದು ಬರುತ್ತಿರಲಿಲ್ಲ, ಆದರೆ ತ್ರಿವೇಣಿಯವರ ಯಾವ ಕಾದಂಬರಿಯಲ್ಲಿ ಯಾರು ಯಾರನ್ನು ಮದುವೆಯಾದರು ಅಂತ ಎಲ್ಲರಿಗೂ ಗೊತ್ತಿತ್ತು. ತ್ರಿವೇಣಿ 1963ರಲ್ಲೇ ಹೋಗಿಬಿಟ್ಟಿದ್ದರು, ಇನ್ನೂ ನಲವತ್ತೂ ಆಗಿರಲಿಲ್ಲ. ಆ ಸುದ್ದಿ ನಮ್ಮ ಕೇರಿಗೆ ಬಹಳ ತಡವಾಗಿ ತಲುಪಿ, ಹೆಂಗಸರು ಸಂಬಂಧಿಕರು ಹೋದಂತೆ ಅತ್ತಿದ್ದರು ಅಂತ ಅಮ್ಮ ಹೇಳುತ್ತಾಳೆ. ಇಂಥ ಓದಿಗೆ, ಇಂಥ ಬರಹಕ್ಕೆ ನಮ್ಮಲ್ಲಿ ತಿಳಿದವರು ಇಟ್ಟ ಹೆಸರು ಅಡುಗೆಮನೆ ಸಾಹಿತ್ಯ. ಸುಮ್ನೆ ಹೇಳ್ತೇನೆ, ಅಡುಗೆಮನೆ ಅನ್ನುವುದು ಬೈಗುಳ ಆದದ್ದು ಹೇಗೋ, ಎಲ್ಲರೂ ಮೂರು ಹೊತ್ತು ಅಲ್ಲಿಂದಲೇ ತಿನ್ನುತ್ತಾರೆ.

ಹತ್ತು ಮನೆಗೆ ಸುತ್ತಿದ ಪುಸ್ತಕ ಅರಿಶಿನದ ಕಲೆ, ಎಣ್ಣೆ ಕಲೆ ಹೊತ್ತು ವಾಪಸ್ಸು ಬರುತ್ತಿತ್ತು. ಪ್ರಕಾಶಕರ ಲೆಕ್ಕದಲ್ಲಿ ಮಾತ್ರ ಒಂದು ಪ್ರತಿ, ಒಬ್ಬ ಹೆಗಡೆಯವರು.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಜಂಬ ಕೊಚ್ಚಿಕೊಂಡಿದ್ದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಬರೆದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಕಥೆಗಳ ಪುಸ್ತಕಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನ ಬಂತಲ್ಲ, ಅದಾಗಿ ಸ್ವಲ್ಪ ದಿನಕ್ಕೆ ಪಕ್ಕದ ಮನೆಯಾಕೆಯ ಓದುವ ಗುಂಪಿನವರು ಆ ಪುಸ್ತಕ ಆರಿಸಿಕೊಂಡರು. ಕನ್ನಡದವಳು ಅಂತ ನನ್ನನ್ನೂ ಕರೆದರು. ಏಳು ಹೆಂಗಸರು, ಒಬ್ಬ ಗಂಡಸೂ ಇಲ್ಲ, ಟೀ, ನಿಂಬೆ ಕೇಕು. ನಿಮ್ಮ ಕಡೆ ಹೆಂಗಸರು ಓದುತ್ತಾರಾ ಅಂತ ಒಬ್ಬರು ಕೇಳಿದರು. ನನಗೆ ಆವೇಶ ಬಂತು. ಅಡಿಕೆ ಸುಲಿಯುವ ರಾತ್ರಿಗಳ ಕಥೆ ಹೇಳಿದೆ. ನಂಜನಗೂಡಿನ ತಿರುಮಲಾಂಬ 1913ರಲ್ಲೇ ಸತಿಹಿತೈಷಿಣಿ ಅನ್ನುವ ಗ್ರಂಥಮಾಲೆ ಶುರು ಮಾಡಿ ತಾನೇ ಬರೆದು ತಾನೇ ಪ್ರಕಟಿಸಿದ್ದಳು, ಅವಳು ಬಾಲವಿಧವೆ ಅಂತಲೂ ಹೇಳಿದೆ. ಎಲ್ಲರೂ ಬೆರಗಾದರು. ಅಜ್ಜಿಯ ಪುಸ್ತಕದ ಮೇಲೆ ಯಾರ ಹೆಸರಿದೆ ಅಂತ ಹೇಳಲು ಆವತ್ತು ನನಗೆ ಹೊಳೆಯಲೇ ಇಲ್ಲ. ಆ ಗ್ರಂಥಮಾಲೆಯ ಪುಸ್ತಕಗಳೂ ಯಾವ ಯಾವ ರಾಯರ, ಯಾವ ಯಾವ ಅಯ್ಯಂಗಾರರ ಹೆಸರಿಗೆ ಹೋಗುತ್ತಿದ್ದವೋ ಏನೋ.

ಇಲ್ಲೇನೂ ಎಲ್ಲ ಸರಿ ಇದೆ ಅಂತಲ್ಲ. ಈ ದೇಶದಲ್ಲಿ ಕಾದಂಬರಿ ಕೊಳ್ಳುವವರಲ್ಲಿ ಹೆಂಗಸರೇ ಜಾಸ್ತಿ, ಅದು ಪುಸ್ತಕ ಮಾರುವವರಿಗೆಲ್ಲ ಗೊತ್ತು. ಆದರೂ 1991ರಲ್ಲಿ ಬೂಕರ್‌ನ ಕೊನೆಯ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಆ ಸಿಟ್ಟಿನಿಂದಲೇ 1996ರಲ್ಲಿ ಹೆಂಗಸರ ಕಾದಂಬರಿಗೆ ಅಂತ ಬೇರೆ ಬಹುಮಾನ ಶುರುವಾಯಿತು. ಪಕ್ಕದ ಮನೆಯಾಕೆ ಹೇಳಿದ ಇನ್ನೊಂದು ಕಥೆ ಇದೆ: ಮದುವೆಯಾದ ಹೊಸದರಲ್ಲಿ ಕಂತಿನ ಮೇಲೆ ವಿಶ್ವಕೋಶ ಕೊಳ್ಳಲು ಹೋದರೆ ಗಂಡನ ಸಹಿ ತನ್ನಿ ಅಂದರಂತೆ, ಸಂಬಳ ಇವರದ್ದು. ಗಂಡು ಹೆಣ್ಣೆಂದು ಭೇದ ಮಾಡಬಾರದೆಂಬ 1975ರ ಕಾನೂನು ಬರುವವರೆಗೂ ಸಾಲ, ಕಂತು ಎಂದರೆ ಹೀಗೇ ಇತ್ತಂತೆ. ಸಹಿ ತರಿಸಿಕೊಂಡರು, ಆದರೆ ಹೆಸರು ಬರೆದದ್ದು ತಮ್ಮದೇ.

ಕಳೆದ ವಾರ ಅವರು ಮನೆ ಖಾಲಿ ಮಾಡುವ ತಯಾರಿಯಲ್ಲಿ ಎರಡು ಚೀಲ ಪುಸ್ತಕ ಕೊಟ್ಟರು. ಮಗಳು ಎಲ್ಲವನ್ನೂ ಬಿಚ್ಚಿ ನೋಡಿದಳು. ಹಳೆಯವುಗಳಲ್ಲಿ ಒಂದು ಅಡ್ಡಹೆಸರು, 1964ರ ನಂತರದವುಗಳಲ್ಲಿ ಇನ್ನೊಂದು. ಇದು ಯಾಕೆ ಅಂತ ಕೇಳಿದಳು. ಮದುವೆಯಾದ ಮೇಲೆ ಬದಲಾಗುತ್ತದೆ ಅಂದೆ. ನಮ್ಮಲ್ಲೂ ಹಾಗಾ? ನಮ್ಮಲ್ಲಿ ಅಡ್ಡಹೆಸರಲ್ಲ, ಹೆಸರೇ ಬದಲಾಗುತ್ತಿತ್ತು ಅಂತ ಹೇಳಬೇಕಾಯಿತು. ಅಜ್ಜಿಯ ತವರಿನ ಹೆಸರು ನನಗೆ ಗೊತ್ತಾದದ್ದು ಅವಳು ಹೋದ ದಿನ. ಅವಳ ತಂಗಿ ಅಂಗಳದಿಂದಲೇ ಅಳುತ್ತಾ, ನಾವ್ಯಾರೂ ಕೇಳಿರದ ಒಂದು ಹೆಸರು ಕೂಗುತ್ತಾ ಬಂದಿದ್ದಳು. ಯಾರನ್ನು ಕರೀತಾ ಇದ್ದಾಳೆ ಅಂತ ನಾನು ಹಿಂದೆ ತಿರುಗಿ ನೋಡಿದ್ದೆ.

ಈಗ ಕಾಲ ಬದಲಾಗಿದೆ, ನಮ್ಮ ಅಮ್ಮನೇ ಸಾಕ್ಷಿ ಅಂತ ಬರೆಯಬೇಕೆಂದಿದ್ದೆ. ಅಮ್ಮ ಊರಿನ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಲೈಬ್ರರಿಗೆ, ಹೋಗುವುದಿಲ್ಲ. ಪುಸ್ತಕ ಇದೆ, ಆದರೆ ಬೆಂಚಿನ ತುಂಬಾ ಪೇಪರ್ ಹಿಡಿದ ಗಂಡಸರು. "ಅಲ್ಲಿ ಹೋಗಿ ಕೂಪಲೆ ಎಂತೋ ಆಗ್ತು" ಅನ್ನುತ್ತಾಳೆ. ಅವಳದ್ದೆಲ್ಲ ವಾಟ್ಸಾಪ್. ಪ್ರಕಾಶಕರು ಸ್ಟೇಟಸ್‌ನಲ್ಲಿ ಹೊಸ ಪುಸ್ತಕದ ಮುಖಪುಟ ಹಾಕುತ್ತಾರೆ, ಇವಳು "ಒಂದು ಪ್ರತಿ" ಅಂತ ಬರೆಯುತ್ತಾಳೆ. ನೆಟ್‌ವರ್ಕ್ ಸಿಗದಿದ್ದರೆ ತೋಟದ ಮೇಲಿನ ಗುಡ್ಡೆ ಹತ್ತಿ ಕಳಿಸುತ್ತಾಳೆ, ಪುಸ್ತಕಕ್ಕಾಗಿ ಎಪ್ಪತ್ತರ ಹತ್ತಿರದಲ್ಲಿ ಗುಡ್ಡೆ ಹತ್ತುವ ಹೆಂಗಸು. ಅತ್ತಿಗೆ ರಾತ್ರಿ ಪಾತ್ರೆ ತೊಳೆದು ಫೋನಿನ ಪ್ರತಿಲಿಪಿ ಆ್ಯಪಿನಲ್ಲಿ ಧಾರಾವಾಹಿ ಓದುತ್ತಾಳೆ, ಮುಂದಿನ ಕಂತಿಗೆ ಕಾಯಿಸುತ್ತಾರೆ ಅಂತ ಬರೆದವಳನ್ನೇ ಬೈಯುತ್ತಾಳೆ. ಎಷ್ಟು ಚಂದ ಅಲ್ವಾ. ಆದರೆ ಮೊನ್ನೆ ಕೇಳಿದೆ, ಪಾರ್ಸೆಲ್ ಯಾರ ಹೆಸರಿಗೆ ಬರುತ್ತದೆ ಅಮ್ಮಾ? ಅಪ್ಪನದ್ದು. ಆ ಹೆಸರು ಹೇಳಿದರೆ ಕೊರಿಯರ್‌ನವನಿಗೆ ಮನೆ ಗೊತ್ತಾಗುತ್ತದಂತೆ. ದುಡ್ಡು ಹೋಗುವ ಫೋನ್? ಅದೂ ಅಪ್ಪನ ಖಾತೆಯದ್ದು, ಅಡಿಕೆ ದುಡ್ಡು ಬೀಳುವುದು ಅಲ್ಲಿಗೇ ತಾನೆ. ಹೀಗೆ ಲೆಕ್ಕ ಹಾಕಿದರೆ ನಮ್ಮ ಶಿರಸಿ ಸೀಮೆಯ ಗಂಡಸರು ಕಾದಂಬರಿ ಕೊಳ್ಳುವುದರಲ್ಲಿ ಯಾರಿಗೂ ಕಮ್ಮಿ ಇಲ್ಲ.

ಭಾನುವಾರ ವೀಡಿಯೋ ಕಾಲ್‌ನಲ್ಲಿ ಮಗಳು ಬಿಡಲಿಲ್ಲ. ಹೊಸ ಪುಸ್ತಕ ತನ್ನಿ ಅಜ್ಜಿ, ಹೆಸರು ಬರೀರಿ, ನಾನು ನೋಡಬೇಕು ಅಂದಳು. ಅಮ್ಮ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ಒಳಗೆ ಹೋದಳು, ಸುಮಾರು ಹೊತ್ತು ನಮಗೆ ಅಟ್ಟದ ತೊಲೆ ಮಾತ್ರ ಕಾಣುತ್ತಿತ್ತು. ಪುಸ್ತಕ, ಬಾಲ್ ಪೆನ್ನು ಹಿಡಿದು ಬಂದು ಕೂತಳು. ಕನ್ನಡಕ ಏರಿಸಿದಳು. ಮೊದಲ ಪುಟ ಬಿಡಿಸಿ ಅಂಗೈಯಿಂದ ಸವರಿದಳು. ಆಮೇಲೆ ತಲೆ ಎತ್ತಿ, "ಯಾವ ಹೆಸರು ಬರೆಯವು?" ಅಂತ ಕೇಳಿದಳು. ಅವಳದ್ದೂ ಮದುವೆಯಲ್ಲಿ ಬದಲಾದ ಹೆಸರು.

ಮಗಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಗಲಿಯಿಂದ ಅಪ್ಪನ ದನಿ, ಎಂತಾ ಬರೀತಾ ಇದ್ದೆ ಅಂತ.

ಅಮ್ಮ ಪುಸ್ತಕ ಮುಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ. "ಎಂತೂ ಇಲ್ಲೆ" ಅಂದಳು, "ಹಾಲಿನ ಲೆಕ್ಕ."