ಇಂಥ ಗೊಂಬೆ ಯಾಕೆ ಮಾಡ್ತೀಯಾ?

ಮನೆಗೆ ಬಂದವರೆಲ್ಲ ಶೋಕೇಸಿನ ಮುಂದೆ ನಿಂತು ಕೇಳುವುದು ಇದನ್ನೇ: "ತಲೆ ಕಡಿಸಿಕೊಂಡ ರಾಣಿಯ ಗೊಂಬೆ ಯಾಕಮ್ಮಾ? ನೋಡಿದ್ರೆ ಎದೆ ಝಲ್ಲೆನ್ನುತ್ತೆ."

ಅವಳು ಸ್ಕಾಟ್ಲೆಂಡಿನ ರಾಣಿ ಮೇರಿ. 1568ರಲ್ಲಿ ಆಸರೆ ಕೇಳಿಕೊಂಡು ಇಂಗ್ಲೆಂಡಿಗೆ ಓಡಿ ಬಂದಳು. ಸಿಕ್ಕಿದ್ದು ಸೆರೆವಾಸ, ಸುಮಾರು 19 ವರ್ಷ. ಆ ದಿನಗಳನ್ನು ಅವಳು ಕಳೆದದ್ದು ಹೆಚ್ಚಾಗಿ ಕಸೂತಿ ಹಾಕುತ್ತ. ಇಲಿಯ ಮುಂದೆ ಕೂತ ಕೆಂಚು ಬೆಕ್ಕೊಂದನ್ನು ಹೊಲಿದಿದ್ದಾಳೆ. ಅವಳನ್ನು ಸೆರೆಯಲ್ಲಿಟ್ಟ ಇಂಗ್ಲೆಂಡಿನ ರಾಣಿ, ಕೆಂಗೂದಲಿನ ಎಲಿಜಬೆತ್ತೇ ಆ ಬೆಕ್ಕು, ಇಲಿ ಮೇರಿ ಅಂತ ಓದುವವರಿದ್ದಾರೆ. ನನಗೂ ಹಾಗೇ ಅನಿಸುತ್ತದೆ. ಸೂಜಿ ಹಿಡಿದವಳ ಕಥೆಯನ್ನು ಸೂಜಿಯಲ್ಲೇ ಹೇಳಬೇಕು ಅಂತ ಕೂತವಳು ನಾನು.

1587ರ ಫೆಬ್ರವರಿ 8ರಂದು, ಫಾದರಿಂಗ್‌ಹೇ ಕೋಟೆಯಲ್ಲಿ, ಎಲಿಜಬೆತ್ ಸಹಿ ಹಾಕಿದ ಆದೇಶದಂತೆ ಅವಳ ತಲೆ ಕಡಿದರು. ಮೇಲಿನ ಕಪ್ಪು ಉಡುಪು ಕಳಚಿದಾಗ ಒಳಗೆ ಕಡುಗೆಂಪು. ಮೇರಿಯಂಥ ಕ್ಯಾಥೊಲಿಕರಿಗೆ ಅದು ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಬಣ್ಣ. ಅದಕ್ಕೇ ನನ್ನ ಗೊಂಬೆಯ ಕಪ್ಪು ಗೌನಿಗೆ ಪುಟ್ಟ ಹುಕ್ಕುಗಳಿವೆ, ಬಿಚ್ಚಿದರೆ ಕೆಂಪು ಲಂಗ ಕಾಣುತ್ತದೆ. ಗೊಂಬೆಗೆ ನಾನು ಎಲ್ಲೂ ರಕ್ತ ಬಳಿದಿಲ್ಲ. ಆ ಕೆಂಪನ್ನು ಅವಳೇ ಆರಿಸಿಕೊಂಡಳು. ಸಾಯುವ ಹೊತ್ತಿನಲ್ಲಿ ಅವಳ ಕೈಯಲ್ಲಿ ಉಳಿದಿದ್ದ ಮಾತು ಅದೊಂದೇ.

ಕೊಡಲಿಯ ಮೊದಲ ಏಟು ಕುತ್ತಿಗೆಗೆ ಬೀಳದೆ ತಲೆಯ ಹಿಂಭಾಗಕ್ಕೆ ಬಿತ್ತು. ಕೊನೆಗೆ ಕಡಿದವನು ತಲೆ ಎತ್ತಿ ತೋರಿಸಲು ಹೋದರೆ ಕೈಗೆ ಬಂದದ್ದು ಬರೀ ವಿಗ್. ಕೆಳಗೆ ಬಿದ್ದ ತಲೆಯಲ್ಲಿ ಗಿಡ್ಡಕ್ಕೆ ಕತ್ತರಿಸಿದ ನರೆಗೂದಲು. ಅವಳಿಗೆ ಆಗ 44 ವರ್ಷ. ಗೊಂಬೆಯ ಕೆಂಚು ವಿಗ್ ಕಳಚುವಂತೆ ಮಾಡಿದ್ದೇನೆ. ಅದರಡಿಯ ನರೆಗೂದಲಿಗೆ ಬೂದು ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿ ಹೊಲಿದೆ. ಹೆಚ್ಚು ದಿನ ಹಿಡಿದದ್ದು ಆ ಕೆಲಸವೇ, ನನಗೆ ಅಳು ಬಂದದ್ದೂ ಅಲ್ಲೇ. ಚಿತ್ರಪಟಗಳಲ್ಲಿ ಅವಳು ಯಾವಾಗಲೂ ರಾಣಿ. ಈ ನರೆಗೂದಲಲ್ಲಿ ಅವಳು ದಣಿದ ಒಬ್ಬ ಹೆಂಗಸು. ಭಯಪಡಿಸುವುದಕ್ಕಲ್ಲ, ಅವಳನ್ನು ಹತ್ತಿರದಿಂದ ನೋಡಲಿ ಅಂತ ಮಾಡಿದ್ದು.

ಪಕ್ಕದ ಮನೆಯ ಹುಡುಗಿ ಮಾತ್ರ ಹೆದರಲಿಲ್ಲ. ಲಂಗದ ಅಂಚು ಎತ್ತಿ ನೋಡಿ, "ಆಂಟಿ, ಇಲ್ಲೊಂದು ನಾಯಿಮರಿ ಇದೆ!" ಅಂದಳು. ಹೌದು, ಆ ದಿನ ಮೇರಿಯ ಪುಟ್ಟ ನಾಯಿ ಅವಳ ಲಂಗದೊಳಗೇ ಅಡಗಿ ಕೂತಿತ್ತು. ಹೊರಗೆಳೆದರೂ ಮತ್ತೆ ಬಂದು ಅವಳ ತಲೆಗೂ ಭುಜಕ್ಕೂ ನಡುವೆ ಮಲಗಿತಂತೆ.

"ಆಮೇಲೆ ಅದನ್ನ ಏನು ಮಾಡಿದ್ರು?"

"ಎತ್ತಿಕೊಂಡು ಹೋಗಿ ಮೈ ತೊಳೆದ್ರು, ಪುಟ್ಟಿ."