ಮುಖವಾಡ ಹಾಕೋ ಮೊದಲು ಕತ್ತು ಪಳಗಬೇಕು

ಕಲಬುರಗಿ ಸುತ್ತಮುತ್ತಲಿನ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವುದು ನನ್ನ ಕೆಲಸ. ಮುಖವಾಡ ಮಾಡೋಣ ಅಂದರೆ ಸಾಕು, ಎಲ್ಲರೂ ಕಿವಿವರೆಗೆ ನಗುವ ಬಾಯಿ ಬರೆಯುತ್ತಾರೆ, ಇಲ್ಲವೇ ಕೋರೆಹಲ್ಲು. ಕೈಯಲ್ಲಿ ಹಿಡಿದಾಗ ಚೆಂದ ಕಾಣುತ್ತದೆ. ಆದರೆ ಅಳುವ ದೃಶ್ಯ ಬಂದಾಗಲೂ ಆ ಮುಖ ನಗುತ್ತಲೇ ಇರುತ್ತದೆ ಅಲ್ವಾ?

ಆಗ ನಾನು ಜಪಾನಿನ ನೋ ನಾಟಕದ ಮುಖವಾಡಗಳ ಫೋಟೊ ತೋರಿಸುತ್ತೇನೆ. ಹಿನೋಕಿ ಅನ್ನೋ ಮರದಲ್ಲಿ ಕೆತ್ತಿದವು. ಯುವತಿಯ ಮುಖವಾಡ ನೋಡಿದರೆ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳೋಕಾಗಲ್ಲ. ನಟ ಮುಖವನ್ನು ತುಸು ಎತ್ತಿದರೆ ಬೆಳಕು ಬಿದ್ದು ಅವಳು ಅರಳುತ್ತಾಳೆ. ತುಸು ತಗ್ಗಿಸಿದರೆ ನೆರಳು ಕವಿದು ಬಾಡುತ್ತಾಳೆ. ಕೆಲಸವೆಲ್ಲ ಕತ್ತಿನದು. ಕಣ್ಣಿನ ತೂತುಗಳಂತೂ ತೀರಾ ಸಣ್ಣವು. ವೇದಿಕೆಯ ಮೂಲೆಯಲ್ಲಿರುವ ಕಂಬ ನೋಡಿಕೊಂಡೇ ನಟ ತಾನೆಲ್ಲಿದ್ದೇನೆ ಅಂತ ಅಂದಾಜು ಮಾಡುತ್ತಾನೆ. ಶಾಲೆಯಲ್ಲಿ ಕಂಬ ನೆಡೋಕಾಗಲ್ಲ. ಹಾಗಾಗಿ ಆಡುವ ಜಾಗದ ಅಂಚಿಗೆ ದಪ್ಪ ಹಗ್ಗ ಅಂಟಿಸುತ್ತೇನೆ. ಬರಿಗಾಲಿಗೆ ಹಗ್ಗ ತಾಗಿದರೆ ಮಗು ತಾನೇ ತಿರುಗುತ್ತದೆ.

ಮಾಡುವ ಬಗೆಯನ್ನು ಬಂಗಾಳದ ಪುರುಲಿಯಾ ಜಿಲ್ಲೆಯ ಚರಿದಾ ಹಳ್ಳಿಯವರಿಂದ ಎತ್ತಿಕೊಂಡಿದ್ದೇನೆ. ಛವು ಕುಣಿತದ ಮುಖವಾಡ ಮಾಡುವ ಊರು ಅದು. ಜೇಡಿಮಣ್ಣಿನ ಅಚ್ಚಿನ ಮೇಲೆ ಮೊದಲು ನುಣ್ಣನೆ ಬೂದಿ ಉದುರಿಸುತ್ತಾರೆ, ಆಮೇಲೆ ಅಂಟಿನಲ್ಲಿ ನೆನೆಸಿದ ಕಾಗದದ ಪದರಗಳು. ಬೂದಿ ಇಲ್ಲದಿದ್ದರೆ ಕಾಗದ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ನಮ್ಮದು ಹಳೇ ಪೇಪರು, ಮೈದಾ ಅಂಟು. ನಮ್ಮ ಬಿಸಿಲಿಗೆ ಬೇಗ ಒಣಗುತ್ತೆ ಅಂತ ಅಂಗಳದಲ್ಲಿ ಇಡಬೇಡಿ. ಮೇಲಿನ ಪದರ ಗರಿಗರಿಯಾಗಿ ಒಳಗೆ ಹಸಿ ಉಳಿಯುತ್ತದೆ, ಮುಖ ಸೊಟ್ಟಗಾಗುತ್ತದೆ. ವರಾಂಡದ ಶಹಾಬಾದ್ ಕಲ್ಲಿನ ಮೇಲೆ, ನೆರಳಲ್ಲೇ ಒಣಗಲಿ. ಗಲ್ಲ ಮುಟ್ಟಿ ನೋಡಿ, ಅಲ್ಲಿ ಪದರ ಜಾಸ್ತಿ, ಕೊನೆಗೆ ಒಣಗೋದು ಅದೇ.

ಮಕ್ಕಳು ಜಾಸ್ತಿ ಇಲ್ಲದ ಶಾಲೆಗಳೂ ಇವೆ. ಅಲ್ಲಿ ಪ್ರಾಚೀನ ಗ್ರೀಕರ ದಾರಿ. ಅವರ ದುರಂತ ನಾಟಕಗಳಲ್ಲಿ ಒಟ್ಟಾಗಿ ಹಾಡುವ ಮೇಳ ಬಿಟ್ಟರೆ ಮಾತಾಡುವ ನಟರು ಸಾಮಾನ್ಯವಾಗಿ ಮೂವರೇ. ಮುಖವಾಡ ಬದಲಿಸಿ ಎಲ್ಲ ಪಾತ್ರ ಮಾಡುತ್ತಿದ್ದರು.

ಛವುವಿನಲ್ಲೇ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಪುರುಲಿಯಾದವರು, ಜಾರ್ಖಂಡಿನ ಸರೈಕೆಲಾದವರು ಮುಖವಾಡ ಹಾಕುತ್ತಾರೆ, ಒಡಿಶಾದ ಮಯೂರ್‌ಭಂಜ್‌ನವರು ಹಾಕುವುದೇ ಇಲ್ಲ. ನಮ್ಮ ಕಡೆ ಮೊಹರಂನಲ್ಲಿ ಹುಲಿವೇಷದವರೂ ಮೈಗೆ ಬಣ್ಣ ಬಳಿದುಕೊಂಡೇ ಕುಣಿಯುತ್ತಾರೆ. ಹುಲಿ ಇರೋದು ಅವರ ಭುಜದಲ್ಲಿ, ಸೊಂಟದಲ್ಲಿ, ಹಲಗೆ ವಾದ್ಯದ ಏಟಿಗೆ ಎತ್ತಿಡುವ ಹೆಜ್ಜೆಯಲ್ಲಿ. ಆ ಹೆಜ್ಜೆ ಗೊತ್ತಿರುವ ಹುಡುಗ ಪ್ರತಿ ಶಾಲೆಯಲ್ಲೂ ಒಬ್ಬನಾದರೂ ಸಿಗುತ್ತಾನೆ. ಅವನಿಗೆ ಬಣ್ಣ ಹಚ್ಚದ ಬಿಳಿ ಮುಖವಾಡ ಕೊಟ್ಟು ಕುಣಿ ಅನ್ನುತ್ತೇನೆ. ಪಟ್ಟೆ ಇಲ್ಲ, ಮೀಸೆ ಇಲ್ಲ, ಆದರೂ ಕೂತ ಮಕ್ಕಳು 'ಹುಲಿ, ಹುಲಿ' ಅಂತ ಕೂಗುತ್ತಾರೆ. ಅವತ್ತಿನಿಂದ ಉಳಿದವರಿಗೆ ನಡಿಗೆ ಕಲಿಸುವುದು ಅವನೇ. ಬಣ್ಣದ ಡಬ್ಬಿ ಹೊರಗೆ ಬರೋದು ಎಲ್ಲರ ಕತ್ತು, ಕಾಲು ಪಳಗಿದ ಮೇಲೆ.